ಸೀಟಿನ ಹಿಂದಿನ ನೀರು

ಮಳೆ ಬಂದ ಮರುದಿನ ಕಾರಿನ ಬಾಗಿಲು ತೆಗೆದ ಕೂಡಲೇ ಹಸಿ ಗೋಣಿಚೀಲದಂಥ ವಾಸನೆ ಮೂಗಿಗೆ ಬಡಿಯಿತು. ಅವಳು ಸೀಟಿನ ಹಿಂದೆ ಕೈ ಹಾಕಿ ಕಾರ್ಪೆಟ್ ಒತ್ತಿದಳು. ಬೆರಳ ಸಂದಿಯಲ್ಲಿ ನೀರು ಉಕ್ಕಿತು.

ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಅದು. ಬಟ್ಟೆಯ ಟಾಪನ್ನು ಮಡಚಿ ಹಿಂದಕ್ಕೆ ಸರಿಸಬಹುದು. ವಾರವೆಲ್ಲ ತನ್ನ ಔಷಧಿ ಅಂಗಡಿಯಲ್ಲಿ ಜನರ ಕೆಮ್ಮು, ನೆಗಡಿ, ಮಂಡಿನೋವಿನ ಕಥೆ ಕೇಳಿ ಬೇಸತ್ತ ಅವಳಿಗೆ ಗುಡ್ಡದ ರಸ್ತೆಯ ರೇಸುಗಳೇ ಮದ್ದು. ಹೋದ ವರ್ಷ ಎರಡನೆಯವಳಾಗಿ ಬಂದಿದ್ದಳು. ಈ ವರ್ಷ ಎಲ್ಲಿಂದಲೋ ನೀರು ನುಗ್ಗಿ, ಸೀಟಿನ ಕೆಳಗಿನ ವೈರುಗಳು ನೆನೆದು, ಎರಡು ರೇಸುಗಳ ದಿನವೂ ಎಂಜಿನ್ ಉಸಿರೆತ್ತಿರಲಿಲ್ಲ.

"ಅದು ಕಾರೋ ಬಾವಿಯೋ?" ಎಂದರು ಅತ್ತೆ, ಶೆಡ್ಡಿನ ಬಾಗಿಲಲ್ಲಿ ನಿಂತು. "ಇನ್ನೆರಡು ಮಳೆ ಬಂದ್ರೆ ಮೀನು ಸಾಕಬಹುದು."

ಗಂಡ ನಗಲಿಲ್ಲ. ಪೈಪು ಎಳೆದುಕೊಂಡು ಬಂದ. "ನೀನು ಒಳಗೆ ಕೂತ್ಕೋ. ನಾನು ನೀರು ಬಿಡ್ತೀನಿ."

ಬಾಗಿಲ ರಬ್ಬರಿಗೆ, ಗಾಜಿನ ಅಂಚಿಗೆ ಅವಳು ಒಳಗಿನಿಂದ ಪೌಡರ್ ಬಳಿಯುವುದು. ಅವನು ಹೊರಗಿನಿಂದ ಕೆಳಗಿಂದ ಮೇಲಕ್ಕೆ ನೀರು ಹಾಯಿಸುವುದು. ಪೌಡರಿನಲ್ಲಿ ಎಲ್ಲಿ ಗೆರೆ ಮೂಡುತ್ತದೋ ಅಲ್ಲಿ ಸೋರಿಕೆ. ಹೀಗೆ ಹುಡುಕಿ ಹುಡುಕಿ ಬಾಗಿಲಿನ ರಬ್ಬರ್ ಬದಲಿಸಿದ್ದರು, ಮುಂದಿನ ಗಾಜಿಗೆ ಹೊಸದಾಗಿ ಅಂಟು ಹಾಕಿಸಿದ್ದರು. ಒದ್ದೆ ಕಾರ್ಪೆಟ್ಟನ್ನು ಕಿತ್ತು, ಹೆಗಲ ಮೇಲೆ ಹೊತ್ತು, ತಾರಸಿಯಲ್ಲಿ ಒಣಗಿಸಿದವನೂ ಅವನೇ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ರೇಸಿನ ಗೆಳತಿಯರು ಹೇಳಿದಾಗ ಅವಳಿಗೂ ಹೌದೆನಿಸಿತ್ತು.

"ಮುಂದಿನ ಗಾಜೇ ಇರಬೇಕು ಕಣೇ," ಎಂದ ಅವನು, ಪೈಪು ಸುತ್ತುತ್ತಾ. "ಇಲ್ಲಾಂದ್ರೆ ಈ ಕಾರಿನ ಹಣೆಬರಹಾನೇ ಇಷ್ಟು. ಬಿಟ್ಟುಬಿಡು, ಯಾಕೆ ಒದ್ದಾಡ್ತೀಯ?"

ಅವನು ಕೆಲಸಕ್ಕೆ ಹೋದ ಮೇಲೆ ಅವಳು ಗಾಜಿನ ಅಂಚನ್ನು ಮತ್ತೆ ನೋಡಿದಳು. ಪೌಡರ್ ಬಳಿದದ್ದು ಬಳಿದಂತೆಯೇ ಇತ್ತು. ನೀರು ಮುಂದಿನಿಂದ ಬರುತ್ತಿಲ್ಲ ಎಂದಾಯಿತು. ಹಾಗಾದರೆ ಉಳಿದದ್ದು ಒಂದೇ. ಬಟ್ಟೆಯ ಟಾಪು ಸೀಟುಗಳ ಹಿಂದೆ ಬಂದು ಸೇರುವಲ್ಲಿ ಒಂದು ಕಾಲುವೆಯಿದೆ. ಅದರ ಎರಡು ತುದಿಯಲ್ಲೂ ತೂತು. ಮಳೆನೀರು ಆ ತೂತಿಗಿಳಿದು, ರಬ್ಬರ್ ಕೊಳವೆಯಲ್ಲಿ ಹರಿದು, ಹಿಂದಿನ ಚಕ್ರದ ಬಳಿ ನೆಲಕ್ಕೆ ಬೀಳಬೇಕು. ಅದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಹುಡುಕಾಟದ ಮೊದಲ ದಿನವೇ ಗಂಡ, "ಅದನ್ನ ನಾನು ಕ್ಲೀನ್ ಮಾಡಿದೀನಿ, ಸರಿಯಾಗಿದೆ" ಎಂದಿದ್ದ.

ತೂತಿಗೆ ಒಂದು ಲೋಟ ನೀರು ಸುರಿದಳು. ನೀರು ಇಳಿಯಲಿಲ್ಲ. ತುಂಬಿ ನಿಂತು, ಅಂಚು ದಾಟಿ, ಕಾರ್ಪೆಟ್ಟಿನ ಮೇಲೆ ಹರಿಯಿತು. ಒಣ ಎಲೆ ಸಿಕ್ಕಿಕೊಂಡಿರಬೇಕೆಂದು ಉದ್ದನೆಯ ಚಿಮಟ ಇಳಿಸಿ ಎಳೆದಳು.

ಬಂದದ್ದು ಕಿತ್ತಳೆ ಬಣ್ಣದ ಸ್ಪಂಜಿನ ಬಿರಡೆ. ಗಂಡ ಮೇಲ್ವಿಚಾರಕನಾಗಿದ್ದ ಮುದ್ರಣಾಲಯದಲ್ಲಿ ಯಂತ್ರಗಳ ಸದ್ದು ತಡೆಯಲು ಕಿವಿಗೆ ತುರುಕಿಕೊಳ್ಳುವಂಥದ್ದು. ಅವನ ಅಂಗಿ ಜೇಬಿನಲ್ಲಿ ಉಳಿದು ಬಟ್ಟೆ ಒಗೆಯುವಾಗ ಎಷ್ಟೋ ಸಲ ಅವಳ ಕೈಗೆ ಸಿಕ್ಕಿತ್ತು. ಜೇಬಿನಿಂದ ಉರುಳಿ ಬಿದ್ದಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಸುತ್ತಲೂ ಅಂಟು ಬಳಿದಿತ್ತು. ಇನ್ನೊಂದು ಬದಿಗೆ ಹೋಗಿ ಅಲ್ಲಿಯ ತೂತಿಗೂ ಚಿಮಟ ಇಳಿಸಿದಳು. ಅಲ್ಲಿಯೂ ಒಂದಿತ್ತು.

ಅವಳು ಅಲ್ಲೇ ನೆಲದ ಮೇಲೆ ಕುಳಿತಳು. ಸಿಟ್ಟು ಬರಲಿಲ್ಲ. ಮಂಡಿಯವರೆಗೆ ಒದ್ದೆಯಾದ ಪ್ಯಾಂಟಿನಲ್ಲಿ ಟಾರ್ಚು ಹಿಡಿದು, "ಸಿಗುತ್ತೆ ಬಿಡು" ಎನ್ನುತ್ತಿದ್ದ ಅವನ ಮುಖ ಕಣ್ಣಿಗೆ ಕಟ್ಟಿತು. ಎಲ್ಲಿ ಏನೂ ಇಲ್ಲವೆಂದು ಗೊತ್ತಿತ್ತೋ ಅಲ್ಲೆಲ್ಲ ನೀರು ಬಿಟ್ಟಿದ್ದ.

ಸಂಜೆ ಅವನು ಬಂದಾಗ ಕೇಳಿದಳು, "ಇನ್ನೊಂದು ಸಲ ನೀರು ಬಿಡ್ತೀರಾ?"

"ಅದಕ್ಕೇನು, ಬಿಡೋಣ." ಅವನು ನಲ್ಲಿ ತಿರುಗಿಸಿದ. "ಮುಂದಿನ ಗಾಜಿಂದ ಶುರು ಮಾಡೋಣ."

ಅವಳು ಅಂಗೈ ಬಿಚ್ಚಿ ತೋರಿಸಿದಳು. ಅವನ ಕೈಯಲ್ಲಿದ್ದ ಪೈಪು ಅವನ ಕಾಲ ಮೇಲೆಯೇ ನೀರು ಸುರಿಯತೊಡಗಿತು.

"ಯಾವಾಗ ಹಾಕಿದೆ?" ಮದುವೆಯಾದಾಗಿನಿಂದ ಅವನನ್ನು ಅವಳು ಏಕವಚನದಲ್ಲಿ ಕರೆದಿರಲಿಲ್ಲ.

ಅವನು ಪೈಪನ್ನು ನೆಲಕ್ಕೆ ಬಿಟ್ಟ. "ಹೋದ ವರ್ಷ ಆ ಕೊನೇ ತಿರುವಲ್ಲಿ ನಿನ್ನ ಕಾರು ಅಡ್ಡ ತಿರುಗಿತಲ್ಲ, ನಾನು ಬೇಲಿ ಪಕ್ಕದಲ್ಲೇ ನಿಂತಿದ್ದೆ. ಆವತ್ತಿಂದ ನನಗೆ ನಿದ್ದೆ ಇಲ್ಲ. ಕಾರು ಕೆಟ್ಟು ಕೂತ್ರೆ ನಿನಗೇ ಬೇಜಾರಾಗಿ ಬಿಡ್ತೀಯ ಅಂದ್ಕೊಂಡೆ."

"ಬೇಡ ಅಂತ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ಕೇಳ್ತಿದ್ಯಾ?"

"ಕೇಳ್ತಿರಲಿಲ್ಲ. ಜಗಳ ಆಡ್ತಿದ್ದೆ, ಮಾತು ಬಿಡ್ತಿದ್ದೆ. ಆದ್ರೆ ಅದು ಎದುರುಬದುರು ನಿಂತು ಆಡೋ ಜಗಳ. ನೀನು ನನ್ನ ಪಕ್ಕದಲ್ಲೇ ನಿಂತು, ನನ್ನ ಜೊತೆ ಹುಡುಕಿದೆಯಲ್ಲ. ಅದನ್ನ ನಾನು ಹೇಗೆ ಅರಗಿಸ್ಕೊಳ್ಳಲಿ?"

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಸೊಸೆಯ ಏಕವಚನಕ್ಕೆ ಏನೂ ಅನ್ನಲಿಲ್ಲ. ಮಗನಿಗೆ ಹೇಳಿದರು: "ನಿಮ್ಮಪ್ಪ ನನ್ನನ್ನ ಬೀದಿಗೆ ಕೇಳೋ ಹಾಗೆ ಬೈತಿದ್ರು. ಅದು ಎಷ್ಟೋ ವಾಸಿ ಕಣೋ." ಹೋಗಿ ನಲ್ಲಿ ನಿಲ್ಲಿಸಿದರು.

ಮರುದಿನದಿಂದ ಅವಳೊಬ್ಬಳೇ ಕೆಲಸಕ್ಕಿಳಿದಳು. ಕೊಳವೆಯಲ್ಲಿ ಉಳಿದ ಅಂಟನ್ನು ನೈಲಾನ್ ದಾರದಿಂದ ಕೆರೆದು, ಸೈಕಲ್ ಪಂಪಿನಿಂದ ಗಾಳಿ ಊದಿದಳು. ಮತ್ತೆ ಲೋಟ ನೀರು ಸುರಿದಾಗ ಅದು ಗುಳುಗುಳು ಇಳಿದು ಚಕ್ರದ ಪಕ್ಕ ನೆಲಕ್ಕೆ ಬಿತ್ತು. ಸೀಟುಗಳನ್ನು ಬಿಚ್ಚಿ ವೈರುಗಳನ್ನು ಒಣಗಿಸಿ, ತುಕ್ಕು ಉಜ್ಜಿ, ಕಾರ್ಪೆಟ್ ಹಾಸಿದಳು. ಶೆಡ್ಡಿಗೆ ಹೊಸ ಬೀಗ ಬಂತು. ಅವನು ನಡುಮನೆಯಲ್ಲಿ ಮಲಗತೊಡಗಿದ.

ಮುಂದಿನ ರೇಸಿಗೆ ಅವನು ಬರುವುದು ಬೇಡವೆಂದಳು. ಜಡಿಮಳೆಯಲ್ಲೇ ಓಡಿಸಿದಳು. ಒಳಗೆ ಒಂದು ಹನಿ ಬೀಳಲಿಲ್ಲ. ಮನೆಗೆ ಬಂದಾಗ ಅವನು ಗೇಟಿನಲ್ಲಿ ಕಾಯುತ್ತಿದ್ದ.

"ಏನಾಯ್ತು?"

"ಏಳನೆಯವಳು."

ಅವನ ಮುಖದಲ್ಲಿ ನಿರಾಳವೂ ನಾಚಿಕೆಯೂ ಒಟ್ಟಿಗೆ ಹಾದುಹೋದವು. "ಇನ್ನು ಯಾವತ್ತಾದ್ರೂ ನನ್ನನ್ನ ನಂಬ್ತೀಯಾ?"

"ಗೊತ್ತಿಲ್ಲ," ಎಂದಳು. ಅದು ನಿಜವೂ ಆಗಿತ್ತು. "ಬೀಗದ ಕೈ ನನ್ನ ಹತ್ರಾನೇ ಇದೆ. ಆದ್ರೂ ಹೊರಡೋ ಮುಂಚೆ ಆ ತೂತುಗಳಿಗೆ ನೀರು ಹಾಕಿ ನೋಡಿದೆ. ಒಂದು ಸಲ ಅಲ್ಲ, ಎರಡು ಸಲ."

ಅವನು ತಲೆತಗ್ಗಿಸಿದ. ಅವಳ ಕೈಯಲ್ಲಿದ್ದ ಒದ್ದೆ ಹೆಲ್ಮೆಟ್ ತೆಗೆದುಕೊಳ್ಳಲು ಎಂದಿನಂತೆ ಕೈ ಚಾಚಿದ. ಅವಳು ಕೊಡಲಿಲ್ಲ. ತಾನೇ ಒಳಗೆ ಒಯ್ದಿಟ್ಟಳು.