ಬಾಗಿಲು ಮುರಿಯದ ಉಳಿ

ಪ್ರತಿಭಾ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಹನ್ನೊಂದು ವರ್ಷದ ಹಿಂದೆ ಮಗಳಿಗೆ ಪುಸ್ತಕ ಹುಡುಕಿಕೊಂಡು ಅವೆನ್ಯೂ ರಸ್ತೆಗೆ ಹೋದಾಗ, ಪಕ್ಕದ ಗಲ್ಲಿಯಲ್ಲಿ ಗೋಣಿಚೀಲದ ಮೇಲೆ ಹರಡಿದ್ದ ಹಳೇ ಸಾಮಾನಿನ ನಡುವೆ ಮರ ನುಣುಪು ಮಾಡುವ ತೋಪಡವೊಂದು ಕಂಡಿತು. ಯಾರದೋ ಅಂಗೈ ತಾಗಿ ತಾಗಿ ಅದರ ಹಿಡಿ ಹೊಳೆಯುತ್ತಿತ್ತು. ಪುಸ್ತಕ ಮರೆತು ಅದನ್ನು ತಂದಳು. ತುಕ್ಕು ಉಜ್ಜಿ, ಅಲಗನ್ನು ಮೂರು ಸಂಜೆ ಸಾಣೆಕಲ್ಲಿಗೆ ತಿಕ್ಕಿ, ಒಂದು ತುಂಡು ತೇಗದ ಮೇಲೆ ತಳ್ಳಿದಾಗ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಸುರುಳಿ ಎದ್ದುಬಂತು. ಹುಚ್ಚು ಹಿಡಿದದ್ದು ಆವತ್ತೇ. ಈಗ ಮಲ್ಲೇಶ್ವರಂನ ಅವರ ಬಾಡಿಗೆ ಮನೆಯಲ್ಲಿ ಉಳಿಗಳೇ ನಲವತ್ತಿವೆ. ಗರಗಸ, ಬಾಚಿಗಳು ಮಂಚದ ಕೆಳಗೆ. ಗಂಡ ವೇಣುಗೋಪಾಲ್ ಅದಕ್ಕೆ ಬೇಸರಪಟ್ಟುಕೊಂಡವನಲ್ಲ, ಮರದ ಚೂರು ಕಾಲಿಗೆ ಚುಚ್ಚೀತೆಂದು ಮನೆಯೊಳಗೂ ಚಪ್ಪಲಿ ಹಾಕಿಕೊಂಡು ಓಡಾಡುತ್ತಾನೆ ಅಷ್ಟೆ.

ತನ್ನ ಮರದ ತುಂಡುಗಳನ್ನು ಬಿಟ್ಟು ಬೇರೆಯವರ ವಸ್ತುವಿಗೆ ಮಾತ್ರ ಅವಳು ಎಂದೂ ಉಳಿ ತಾಗಿಸಿರಲಿಲ್ಲ. ಕೆಡಿಸಿಬಿಟ್ಟರೆ ಎಂಬ ಅಳುಕು.

ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯಿಂದ ದಡದಡ ಸದ್ದು ಕೇಳಿಸಿತು. ಪ್ರತಿಭಾ ಇಳಿದು ಹೋಗಿ ನೋಡಿದರೆ ಮನೆಯ ಒಡತಿ, ಎಪ್ಪತ್ತೊಂಬತ್ತರ ಜಾನಕಮ್ಮ ಬಚ್ಚಲಮನೆಯಲ್ಲಿ ಸಿಕ್ಕಿಕೊಂಡಿದ್ದರು. ವಾರದ ಮಳೆಗೆ ಬಾಗಿಲು ಉಬ್ಬಿ, ಒಳಗಿನ ಚಿಲಕ ಬಿಗಿದುಹೋಗಿತ್ತು. ಅವರ ಮಗ ಅನಿಲ್ ಕುಮಾರ್ ಹಾರೆ ಹಿಡಿದು ನಿಂತಿದ್ದ. ಬಡಗಿಗೆ ಫೋನ್ ಮಾಡಿದರೆ ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದನಂತೆ.

ಬಾಗಿಲು ಮುರಿಯಬೇಡವೆಂದು ಒಳಗಿನಿಂದ ಜಾನಕಮ್ಮ ಗದರುತ್ತಿದ್ದರು. ಮನೆ ಕಟ್ಟಿಸಿದಾಗಿನ ತೇಗವಂತೆ, ತಾವು ಸಂಜೆವರೆಗೂ ಕೂತಿರಬಲ್ಲರಂತೆ.

ಪ್ರತಿಭಾ ಬಾಗಿಲನ್ನು ಬೆರಳಿನಿಂದ ಸವರಿ ನೋಡಿದಳು. ನಡುವಿನ ಹಲಗೆಯನ್ನು ಸುತ್ತ ತೆಳು ಪಟ್ಟಿ ಬಡಿದು ಹಿಡಿಸಿದ್ದರು. ಪಟ್ಟಿ ಬಿಚ್ಚಿದರೆ ಹಲಗೆ ಕಳಚುತ್ತದೆ, ಕೈ ಒಳಗೆ ಹೋಗುತ್ತದೆ. ಇದು ಬೇರೆಯವರ ಬಾಗಿಲು. ಆದರೂ ಮೇಲೆ ಓಡಿ ಅತಿ ತೆಳುವಾದ ಉಳಿಯನ್ನೂ ಮರದ ಕೊಡತಿಯನ್ನೂ ತಂದಳು.

"ಅಕ್ಕ, ನಿಮಗೆ ಆಗುತ್ತಾ?" ಎಂದ ಅನಿಲ್.

"ಗೊತ್ತಿಲ್ಲ. ಹಾರೆ ಮಾತ್ರ ಪಕ್ಕಕ್ಕಿಡಿ" ಎಂದಳು.

ಪಟ್ಟಿಯ ಸಂದಿಗೆ ಉಳಿಯ ತುದಿ ಇಟ್ಟು ಮೆಲ್ಲಗೆ ತಟ್ಟಿದಳು. ತುಕ್ಕು ಹಿಡಿದ ಸಣ್ಣ ಮೊಳೆಗಳು ಒಂದೊಂದಾಗಿ ಕಿರುಗುಟ್ಟಿ ಸಡಿಲವಾದವು. ಎರಡನೇ ಪಟ್ಟಿ ಬಿರಿಯುವಂತಾದಾಗ ಉಳಿಯನ್ನು ಇನ್ನೊಂದು ತುದಿಗೆ ಒಯ್ದಳು. ಒಳಗಿನಿಂದ ಜಾನಕಮ್ಮ, ಹಾಲಿಟ್ಟ ಒಲೆ ಆರಿಸಿದಿರಾ ಎಂದು ಎರಡು ಸಲ ಕೇಳಿದರು. ಇಪ್ಪತ್ತು ನಿಮಿಷದಲ್ಲಿ ನಾಲ್ಕೂ ಪಟ್ಟಿ ಮುರಿಯದೆ ಬಂದವು, ಹಲಗೆ ಕಳಚಿಕೊಂಡಿತು. ಆ ಕಿಂಡಿಯಲ್ಲಿ ಮೊದಲು ಕಂಡದ್ದು ಜಾನಕಮ್ಮನ ನಗುಮುಖ. ಪ್ರತಿಭಾ ಕೊಡತಿ ಹಿಡಿದ ಕೈ ತೂರಿಸಿ ಚಿಲಕವನ್ನು ಕೆಳಗಿನಿಂದ ತಟ್ಟಿದಳು. ಮೂರನೇ ಏಟಿಗೆ ಅದು ಜಾರಿತು. ಅನಿಲ್ ಬಾಗಿಲನ್ನು ಜಗ್ಗಿ ತೆಗೆದ.

ಬಡಗಿಗೆ ಬೇಡವೆಂದು ಹೇಳಿಸಿ, ಮಧ್ಯಾಹ್ನ ಬಾಗಿಲನ್ನು ಕಳಚಿ ಅಂಗಳದಲ್ಲಿ ಮಲಗಿಸಿ, ಉಬ್ಬಿದ ಅಂಚನ್ನು ಅವಳು ತೋಪಡದಿಂದ ತೆಗೆಯತೊಡಗಿದಳು. ಜಾನಕಮ್ಮ ಕುರ್ಚಿ ಹಾಕಿಸಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ತಾವೇ ಎದ್ದು ಬಂದು ತೋಪಡಕ್ಕೆ ಕೈ ಚಾಚಿದರು.

ಮೊದಲ ಸಲ ಅಲಗು ಕಚ್ಚಿಕೊಂಡಿತು. ಪ್ರತಿಭಾ ಅವರ ಕೈ ಮೇಲೆ ಕೈಯಿಟ್ಟು ಒಟ್ಟಿಗೆ ತಳ್ಳಿದಳು. ಉದ್ದನೆಯ ಸುರುಳಿಯೊಂದು ಜಾನಕಮ್ಮನ ಮಣಿಕಟ್ಟಿಗೆ ಬಳೆಯ ಹಾಗೆ ಸುತ್ತಿಕೊಂಡಿತು.

"ಇದ್ರಲ್ಲಿ ಇಷ್ಟು ಸುಖ ಇದೆ ಅಂತ ಯಾರೂ ನಂಗೆ ಹೇಳ್ಲೇ ಇಲ್ವಲ್ಲೇ" ಎಂದರು.

ಮುಂದಿನ ಭಾನುವಾರ ಅವರೇ ಮಹಡಿ ಹತ್ತಿ ಬಂದರು. ತನ್ನ ಉಪಕರಣಗಳಲ್ಲಿ ಒಂದನ್ನೂ ಯಾರಿಗೂ ಕೊಡದ ಪ್ರತಿಭಾ ಒಂದು ಪುಟ್ಟ ತೋಪಡವನ್ನು ಅವರಿಗೆಂದೇ ತೆಗೆದಿಟ್ಟಿದ್ದಳು. ದೀಪಾವಳಿಯ ಹೊತ್ತಿಗೆ ಜಾನಕಮ್ಮ ಊಟಕ್ಕೆ ಕೂರುವ ಮಣೆಯೊಂದನ್ನು ಮಾಡಿ ಮುಗಿಸಿದರು. ಅದು ಎಡಕ್ಕೆ ವಾಲುತ್ತದೆ. ಸರಿಮಾಡಿಕೊಡುತ್ತೇನೆಂದರೆ ಅವರು ಒಪ್ಪುವುದಿಲ್ಲ. ಬಂದವರನ್ನೆಲ್ಲ ಅದರ ಮೇಲೇ ಕೂರಿಸಿ ಬಡಿಸುತ್ತಾರೆ.