ಮೊದಲ ಬುಟ್ಟಿ ಬೀಳುವ ತನಕ

ಬೂಟಿನ ಅಡಿ ಸವರಿದ ಅಂಗೈ ಮೊದಲು ಕಂಡಿತು, ಮುಖ ಆಮೇಲೆ — ಎಡಗಾಲು ಹಿಂದಕ್ಕೆ ಮಡಚಿ, ಕೊಂಚ ಬಾಗಿ, ಅಂಗೈಯಿಂದ ಅಡಿಯನ್ನು ಒಮ್ಮೆ ಒರೆಸಿ ಆ ಕೈಯನ್ನು ಚಡ್ಡಿಗೆ ಉಜ್ಜಿಕೊಳ್ಳುವುದು, ಆಮೇಲೆ ಬಲಗಾಲು — ಬ್ಯಾಸ್ಕೆಟ್‌ಬಾಲ್ ಆಟಕ್ಕೆ ಮುಂಚಿನ ತಾಲೀಮಿನಲ್ಲಿ ಓಡಾಡುತ್ತಿದ್ದ ಕೆಂಪಂಗಿಗಳಲ್ಲಿ ಯಾರು ಯಾರೆಂದು ತಿಳಿಯುವ ಮೊದಲೇ ವರ್ಲಿನ್‌ಗೆ ಗುರುತು ಸಿಕ್ಕಿತು, ಟ್ರೆಂಟ್, ತನ್ನ ಮಗ, ಕೆಂಪಂಗಿಯಲ್ಲಿ. ಆ ನೆಲ ನೋಡಿದರೆ ಫಳಫಳ ಹೊಳೆಯುತ್ತಿದೆ, ಒರೆಸುವುದಕ್ಕೆ ಅಲ್ಲಿ ಧೂಳೆಲ್ಲಿದೆ, ಧೂಳು ಇದ್ದದ್ದು ಮನೆಯ ಮುಂದೆ, ಸುಣ್ಣಕಲ್ಲಿನ ಗಣಿಯಿಂದ ಗಾಳಿಗೆ ಹಾರಿ ಬಂದು ಕಾರಿನ ಮೇಲೂ ಒಣಹಾಕಿದ ಬಟ್ಟೆಯ ಮೇಲೂ ಕೂರುವ ಬಿಳಿ ಪುಡಿ, ಗ್ಯಾರೇಜಿನ ಬಾಗಿಲ ಮೇಲೆ ತಾನೇ ಮೊಳೆ ಹೊಡೆದು ಕೂರಿಸಿದ ಬುಟ್ಟಿ, ಅಡಿ ಒರೆಸ್ಕೋ ಮಗಾ, ಇಲ್ದಿದ್ರೆ ಜಾರಿ ಹಲ್ಲು ಮುರ್ಕೋತೀಯ, ಮುರಿಯೋಕೆ ಹಲ್ಲೇ ಇಲ್ವಲ್ಲಪ್ಪ ಎಂದು ಬಾಯಿ ಅಗಲಿಸಿ ಹಾಲುಹಲ್ಲು ಬಿದ್ದ ಬೋಳು ವಸಡು ತೋರಿಸಿದ್ದ ಪುಟ್ಟ ಟ್ರೆಂಟ್ — ಬೇಡ, ಈಗ ಅದೆಲ್ಲ ಬೇಡ. ಬ್ಯಾಂಡಿನವರ ದೊಡ್ಡ ಡೋಲು ಪಕ್ಕೆಲುಬಿಗೇ ಬಡಿಯುತ್ತಿದೆ, ಬೆಣ್ಣೆ ಸುರಿದ ಪಾಪ್‌ಕಾರ್ನಿನ ವಾಸನೆ, ಹಿಂದಿನ ಸಾಲಿನಿಂದ ಡಾಯ್ಲ್‌ನ ಮೊಣಕಾಲು ಬೆನ್ನಿಗೆ ತಿವಿಯುತ್ತಿದೆ, ಗಣಿಯಲ್ಲಿ ಜೊತೆಗೆ ದುಡಿದು ಜೊತೆಗೇ ಮುದುಕನಾಗುತ್ತಿರುವ ಡಾಯ್ಲ್, ಏನಯ್ಯಾ ವರ್ಲಿನ್, ಗಂಟಲು ಸರಿಮಾಡ್ಕೊಂಡು ಬಂದಿದ್ದೀಯ ತಾನೇ, ಬೆಳಿಗ್ಗೆ ಒಂದು ಚಮಚ ಜೇನುತುಪ್ಪ ನೆಕ್ಕಿದ್ಯೋ ಇಲ್ವೋ, ಇವತ್ತು ಇಡೀ ಊರು ನಿನ್ನ ಬಾಯನ್ನೇ ನೋಡ್ತಿರುತ್ತೆ. ನೋಡಲಿ. ಕೊಟ್ಟ ಮಾತು ಕೊಟ್ಟಾಯಿತು, ಅದೂ ಕಾಫಿ ಅಂಗಡಿಯಲ್ಲಿ, ನಾಲ್ಕು ಜನರ ಮುಂದೆ.

ಪ್ರತಿ ಸೆಪ್ಟೆಂಬರಿನಲ್ಲೂ ಅಷ್ಟೇ, ಊರಿನ ವೈಟ್ ರಿವರ್ ಕಾಲೇಜಿನ ನೀಲಿ ಅಂಗಿಯವರ ಪಂದ್ಯಗಳ ದಿನಾಂಕ ಹೊರಬಿದ್ದ ಬೆಳಿಗ್ಗೆ ಗಣಿಯವರೆಲ್ಲ ಆ ಅಂಗಡಿಯಲ್ಲಿ ಸೇರುತ್ತಾರೆ, ಈ ಸಲ ನೀನು ಕಾಯ್ತಿರೋ ಆಟ ಯಾವುದು ಎಂದು ಒಬ್ಬೊಬ್ಬರೂ ಹೇಳಬೇಕು, ಮೊದಲು ಹೇಳುವ ಹಕ್ಕು ವರ್ಲಿನ್‌ನದು, ಅಪ್ಪನ ಕಾಲದಿಂದ ಕ್ರೀಡಾಂಗಣದಲ್ಲಿ ಒಂದೇ ಸಾಲಿನ ಒಂದೇ ಸೀಟು ಅವನದಲ್ಲವೇ. ಈ ವರ್ಷವೂ ಹೇಳಿದ್ದ, ನವೆಂಬರಿನಲ್ಲಿ ಆ ಬೆಟ್ಟದ ಕಡೆಯ ಉದ್ದುದ್ದ ಹುಡುಗರ ಮೇಲಿನ ಆಟ, ಡಿಸೆಂಬರಿನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕೆಂಟಕಿಯವರ ಮೇಲಿನ ಆಟ, ಆಮೇಲೆ ಕಾಫಿ ಕುಡಿದ, ಮತ್ತೆ ಕುಡಿದ, ಲೋಟದಲ್ಲಿ ಕಾಫಿ ಮುಗಿದಿತ್ತು ಆದರೂ ಕುಡಿದ, ಕೊನೆಗೆ ಡಾಯ್ಲೇ ಬಾಯಿಬಿಟ್ಟ, ಜನವರಿಯಲ್ಲಿ ಲೋಗನ್ ಸ್ಟೇಟ್ ಕಾಲೇಜಿನವರು ಇಲ್ಲಿಗೇ ಬರ್ತಿದ್ದಾರಲ್ಲಯ್ಯಾ, ನಿನ್ ಮಗ ಆ ಕೆಂಪಂಗಿ ಹಾಕ್ಕೊಂಡು ಬಂದ್ರೆ ಏನ್ಮಾಡ್ತೀಯ. ಎಲ್ಲರಿಗಿಂತ ಜೋರಾಗಿ ಬೂ ಅಂತ ಛೀಮಾರಿ ಹಾಕ್ತೀನಿ, ನಮ್ಮ ಟೀಮು ಬಿಟ್ಟುಹೋದವನು ಯಾರಾದ್ರೇನು, ಎಂದ ವರ್ಲಿನ್. ಎಲ್ಲರೂ ಮೇಜು ಬಡಿದು ನಕ್ಕರು, ವರ್ಲಿನ್ ಅಂದ್ರೆ ವರ್ಲಿನ್ ಕಣಯ್ಯಾ. ನಗು ಮುಗಿದಾಗ ಎದೆಯಲ್ಲಿ ಒಂದು ಕಲ್ಲು ಕೂತಿತ್ತು, ಇನ್ನೂ ಎದ್ದಿಲ್ಲ. ನವೆಂಬರಿನ ಆಟ ಗೆದ್ದರು, ಕುಣಿಯಲು ಎದ್ದವನಿಗೆ ಕುಣಿತ ಬರಲಿಲ್ಲ. ಡಿಸೆಂಬರಿನಲ್ಲಿ ಇಂಡಿಯಾನಾಪೊಲಿಸ್‌ವರೆಗೆ ಗಾಡಿ ಓಡಿಸಿಕೊಂಡು ಹೋಗಿ, ಆಟದ ನಡುವೆ ಶೌಚಾಲಯದ ಪಕ್ಕದ ಗೋಡೆಗೆ ಮುಖ ಮಾಡಿ ನಿಂತು ಫೋನಿನಲ್ಲಿ ನೋಡಿದ್ದು ಲೋಗನ್ ಸ್ಟೇಟಿನ ಆಟ, ಕಳ್ಳನ ಹಾಗೆ, ಅಂಗೈಯಗಲದ ಪರದೆಯಲ್ಲಿ ಉಗುರಿನಷ್ಟು ಹುಡುಗ ಬೂಟಿನ ಅಡಿ ಒರೆಸುತ್ತಿದ್ದ. ನಡೀನ್‌ಗೆ ಹೇಳಲಿಲ್ಲ. ಹೆಂಡತಿಗೆ ಹೇಳಿದ್ದರೆ ಅಷ್ಟರಮಟ್ಟಿಗೆ ಮನೆ ಬೆಚ್ಚಗಾಗುತ್ತಿತ್ತೇನೋ, ಏಪ್ರಿಲಿನಿಂದ ಅವಳದು ಬೇಕಾದ್ದಕ್ಕಷ್ಟೇ ಮಾತು. ಏಪ್ರಿಲ್ — ಅಡುಗೆಮನೆ, ಟ್ರೆಂಟ್ ಫ್ರಿಜ್ಜಿಗೆ ಒರಗಿ ನಿಂತಿದ್ದ, ವೈಟ್ ರಿವರ್‌ಗೆ ಬಂದ ಹೊಸ ಕೋಚ್ ಆಡಲು ಬಿಡದೆ ಇಡೀ ವರ್ಷ ಬೆಂಚಿನ ಮೇಲೇ ಕೂರಿಸಿದ್ದ ಹುಡುಗನನ್ನು, ಲೋಗನ್‌ನವರು ಕರೀತಿದ್ದಾರೆ ಹೋಗ್ತೀನಿ ಅಂದ, ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು, ನಿಲ್ಲಿಸಲಿಲ್ಲ. ನಾನು ಬೆಂಚಲ್ಲಿ ಕೂತಿದ್ದಾಗ್ಲೂ ನೀನು ಅಷ್ಟೇ ಖುಷಿಯಾಗಿ ಕೂಗ್ತಿದ್ದೆ ಅಪ್ಪ, ನೀನು ನನ್ನನ್ನ ನೋಡೋಕೆ ಬರ್ತಿದ್ಯಾ, ನೀಲಿ ಅಂಗಿ ನೋಡೋಕೆ ಬರ್ತಿದ್ಯಾ? ಉತ್ತರ ಬಾಯಿಗೆ ಬಂದಿತ್ತು, ನಿಜವಾಗಿಯೂ ಬಂದಿತ್ತು, ಹೊರಗೆ ಬಿದ್ದದ್ದು ಮಾತ್ರ ಬೇರೆ — ಗಾಡಿಗೆ ಪೆಟ್ರೋಲ್ ಇದ್ಯಾ? ಹುಡುಗ ನಕ್ಕ, ನಗುವೂ ಅಲ್ಲ ಅದು, ಇದೆ ಅಪ್ಪ ಎಂದು ಬ್ಯಾಗು ಹೆಗಲಿಗೇರಿಸಿಕೊಂಡ.

ದೀಪಗಳೆಲ್ಲ ಒಮ್ಮೆಗೇ ಆರಿದವು, ಆಟಗಾರರ ಹೆಸರು ಕರೆಯುವ ಹೊತ್ತು, ಕತ್ತಲಲ್ಲಿ ನಡೀನ್‌ಳ ಬೂದು ಸ್ವೆಟರ್ ಮಾತ್ರ ಮಸುಕಾಗಿ ಪಕ್ಕದಲ್ಲಿ, ನೀಲಿಯೂ ಬೇಡ ಕೆಂಪೂ ಬೇಡ ಎಂದು ಹಟ ಹಿಡಿದು ಹಾಕಿಕೊಂಡು ಬಂದದ್ದು, ಈ ಸಾಲಿನಲ್ಲಿ ಬೂದು ಬಣ್ಣ ಹಾಕಿಕೊಂಡವರು ಇದೇ ಮೊದಲಿರಬೇಕು. ಅವಳು ಬಗ್ಗಿ ಕಿವಿಯಲ್ಲಿ ಅಂದಳು, ಬೆಳಿಗ್ಗೆ ಅಂದದ್ದನ್ನೇ, ಕೋಳಿ ನೂಡಲ್ಸ್ ಮಾಡಿಟ್ಟು ಬಂದಿದ್ದೀನಿ, ಆಲೂಗಡ್ಡೆ ಬೇಯಿಸಿಟ್ಟಿದ್ದೀನಿ, ಮೂರು ತಟ್ಟೆ ಇಟ್ಟಿದ್ದೀನಿ, ಇವತ್ತು ಒಂದ್ ರಾತ್ರಿ ಮನೇಲಿರೋಕೆ ಅವನ ಕೋಚ್ ಒಪ್ಪಿದ್ದಾನೆ, ಬರ್ತೀನೋ ಇಲ್ವೋ ಆಟ ಮುಗಿದ್ಮೇಲೆ ಹೇಳ್ತೀನಮ್ಮ ಅಂದಿದ್ದಾನೆ ಹುಡುಗ, ನೀನು ಬೂ ಅಂತ ಬಾಯಿ ಬಿಟ್ಯೋ, ಆ ನೂಡಲ್ಸ್ ನೀನೊಬ್ಬನೇ ತಿನ್ನು, ನಾನು ಅವನ ಜೊತೆ ಕೆಂಪು ಬಸ್ ಹತ್ತಿ ಹೋಗ್ತೀನಿ. ಹೋಗುವವಳೇ. ಮೊದಲು ಎದುರಾಳಿಗಳ ಹೆಸರು, ಒಂದಾಯಿತು, ಎರಡಾಯಿತು, ಆಮೇಲೆ ಅದು, ತಾನೂ ನಡೀನೂ ಕೂಡಿ ಆರಿಸಿದ್ದ ಆ ಹೆಸರು, ಮೈಕಿನವನು ಅದನ್ನು ಪೂರ್ತಿ ಹೇಳಲಿಕ್ಕೂ ಬಿಡಲಿಲ್ಲ ಜನ, ಬೂ — ಅದು ಧ್ವನಿಯಲ್ಲ, ಭಾರ, ಮೇಲಿನಿಂದ ಸುರಿದ ಹಾಗೆ, ವಿದ್ಯಾರ್ಥಿಗಳು ರಟ್ಟಿನಲ್ಲಿ ಕತ್ತರಿಸಿದ ಹಸಿರು ಹಾವುಗಳನ್ನು ಎತ್ತಿ ಆಡಿಸುತ್ತಿದ್ದಾರೆ, ಬಿಟ್ಟುಹೋದವನು ಹಾವು, ಸ್ಸ್ ಸ್ಸ್ ಎನ್ನುತ್ತಿದ್ದಾರೆ, ಹೋದ ವರ್ಷ ಇವರೇ ಅವನ ಬೆನ್ನು ತಟ್ಟಿದವರು. ವರ್ಲಿನ್ ಬಾಯಿ ತೆರೆದ. ತುಟಿ ದುಂಡಗಾಯಿತು ಕೂಡ. ಆಮೇಲೆ ಬಗ್ಗಿದ, ಬೂಟಿನ ದಾರ ಬಿಗಿಯಾಗಿಯೇ ಇತ್ತು, ಬಿಚ್ಚಿ ಮತ್ತೆ ಕಟ್ಟಿದ, ಬೆಳಗಿನ ಪಾಳಿ ಮುಗಿಸಿ ಹಾಗೇ ಬಂದದ್ದು, ಗಣಿಯ ಬೂಟು. ನಿನ್ನ ಗಂಟಲೇ ಕೇಳಿಸ್ಲಿಲ್ವಲ್ಲೋ ಎಂದ ಡಾಯ್ಲ್. ಪಾಪ್‌ಕಾರ್ನ್ ಸಿಕ್ಕೊಂಡ್ತು, ಎಂದ ವರ್ಲಿನ್. ಹೌದಾ, ನಿನ್ ಕೈಲಿ ಪಾಪ್‌ಕಾರ್ನೇ ಇಲ್ವಲ್ಲಯ್ಯಾ.

ದೀಪ ಬಂತು, ಚೆಂಡು ಮೇಲಕ್ಕೆ ಹೋಯಿತು, ಎಲ್ಲರೂ ನಿಂತಿದ್ದಾರೆ, ನಿಂತೇ ಚಪ್ಪಾಳೆ, ನಮ್ಮವರ ಮೊದಲ ಬುಟ್ಟಿ ಬೀಳುವ ತನಕ, ಅಂದರೆ ಚೆಂಡು ಬುಟ್ಟಿಯೊಳಗೆ ಹೋಗುವ ತನಕ, ಇಲ್ಲಿ ಯಾರೂ ಕೂರುವಂತಿಲ್ಲ, ಕೂತರೆ ಆ ದಿನದ ಆಟವೇ ಕೆಟ್ಟಂತೆ, ಹುಡುಗನಾಗಿದ್ದಾಗ ಒಮ್ಮೆ ಕೂತದ್ದಕ್ಕೆ ಅಪ್ಪ ಕಿವಿ ಹಿಂಡಿ ಎಬ್ಬಿಸಿದ್ದ, ಮಂಡಿ ಆಪರೇಷನ್ ಆದ ವರ್ಷ ಊರುಗೋಲು ಊರಿಕೊಂಡು ನಿಂತಿದ್ದ ವರ್ಲಿನ್, ವೈದ್ಯರ ಮಾತಿಗಿಂತ ಬುಟ್ಟಿ ದೊಡ್ಡದು ಎಂದು ಸಾಲಿಗೆ ಸಾಲೇ ಹೊಗಳಿತ್ತು. ನಮ್ಮವರು ಎಸೆದರು, ತಪ್ಪಿತು. ಮತ್ತೆ ಎಸೆದರು, ಬುಟ್ಟಿಯ ಕಬ್ಬಿಣದ ಬಳೆಗೆ ಬಡಿದು ಹಾರಿತು. ಅಂಗೈ ಉರಿಯುತ್ತಿದೆ, ಚಪ್ಪಾಳೆ ನಿಲ್ಲಿಸುವಂತಿಲ್ಲ, ಮಂಡಿ ಒಳಗಿನಿಂದ ಕೊರೆಯುತ್ತಿದೆ. ಕೆಂಪಂಗಿಗಳು ಈ ಬುಟ್ಟಿಯ ಕಡೆಗೇ ಬರುತ್ತಿವೆ, ತಾವು ನಿಂತಿರುವುದು ಅದರ ಹಿಂದೆಯೇ, ಚೆಂಡು ಒಬ್ಬನಿಂದ ಒಬ್ಬನಿಗೆ, ಆಮೇಲೆ ಮೂಲೆಯಲ್ಲಿ ಒಂಟಿಯಾಗಿ ನಿಂತ ಟ್ರೆಂಟ್‌ನ ಕೈಗೆ, ಬೂ ಎದ್ದಿತು, ಈಗ, ಈಗಲಾದರೂ, ಡಾಯ್ಲ್ ಹಿಂದಿನಿಂದ ಹೆಗಲು ಕುಲುಕುತ್ತಿದ್ದಾನೆ, ನಡೀನ್ ತಿರುಗಿ ತನ್ನ ಬಾಯನ್ನೇ ನೋಡುತ್ತಿದ್ದಾಳೆ, ವರ್ಲಿನ್ ಉಸಿರು ತುಂಬಿಕೊಂಡ — ಮೊಣಕೈ ಒಳಗಿಟ್ಕೋ ಮಗಾ, ಒಳಗೆ — ಚೆಂಡು ಹೊರಟಿತು, ಎತ್ತರಕ್ಕೆ, ಬಲೆ ಒಮ್ಮೆ ಅಲುಗಿತು, ಅಷ್ಟೇ. ಸಾವಿರಾರು ಜನ ಒಮ್ಮೆಗೇ ನರಳಿದರು. ಮತ್ತು ವರ್ಲಿನ್ ಕೂತ. ಕೂರಬೇಕೆಂದು ಕೂತದ್ದಲ್ಲ, ಮಂಡಿಗಳು ತಾವೇ ಮಡಚಿಕೊಂಡವು, ಗ್ಯಾರೇಜಿನ ಮುಂದೆ ಸಂಜೆ ಸಂಜೆಯೂ ಅದೇ ಕಟ್ಟಳೆಯಲ್ಲವೇ, ಟ್ರೆಂಟ್‌ನ ಮೊದಲ ಬುಟ್ಟಿ ಬೀಳುವ ತನಕ ಅಪ್ಪ ಕೂರುವಂತಿಲ್ಲ, ಬಿತ್ತಾ, ಸರಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರು ಅಪ್ಪ ಈಗ, ಎಂದು ಅಪ್ಪಣೆ ಕೊಡುತ್ತಿದ್ದ ಬೋಳು ವಸಡಿನ ಹುಡುಗ. ಸುತ್ತ ಬರೀ ನೀಲಿ ಬೆನ್ನುಗಳು, ಏನೂ ಕಾಣದು. ಏಯ್ ಏಳೋ, ಅದು ಅವರ ಬುಟ್ಟಿ ಕಣೋ, ನಿಂಗೇನಾಯ್ತು, ಡಾಯ್ಲ್‌ನ ಧ್ವನಿಯಲ್ಲಿ ಈಗ ನಗುವಿಲ್ಲ, ಸಾಲಿನ ಆ ತುದಿಯಿಂದ ಯಾರೋ, ವರ್ಲಿನ್ ಕೂತುಬಿಟ್ಟ, ನೋಡ್ರೋ, ವರ್ಲಿನ್ ಕೂತ. ಏಳಬೇಕು. ಎದ್ದುಬಿಟ್ಟರೆ ಮಂಡಿನೋವು ಎನ್ನಬಹುದು, ಎಲ್ಲರೂ ನಂಬುತ್ತಾರೆ. ಕೈ ಊರಿದ. ಅಷ್ಟರಲ್ಲಿ ನಮ್ಮವರು ಮತ್ತೊಮ್ಮೆ ತಪ್ಪಿ ಚೆಂಡು ಇತ್ತ ಮರಳಿತ್ತು, ಸೀಟಿ, ಎಸೆಯುವಾಗ ನಮ್ಮವನೊಬ್ಬ ಟ್ರೆಂಟ್‌ನ ಕೈಗೆ ಹೊಡೆದನಂತೆ, ಎರಡು ಫ್ರೀ ಥ್ರೋ, ಯಾರೂ ಅಡ್ಡಬಾರದ ಎಸೆತ, ಗೆರೆಯ ಮೇಲೆ ಅವನೊಬ್ಬನೇ, ಮುಂದಿನ ಇಬ್ಬರ ನಡುವಿನ ಸಂದಿಯಲ್ಲಿ ಒಂದು ಚೂರು ಕೆಂಪು. ಟ್ರೆಂಟ್ ಎಡಗಾಲು ಹಿಂದಕ್ಕೆ ಮಡಚಿದ. ತಲೆ ಎತ್ತಿ ನೋಡಿದ, ಬುಟ್ಟಿಯನ್ನಲ್ಲ, ಬುಟ್ಟಿಯ ಹಿಂದೆ, ಮೇಲೆ, ಬೂದು ಸ್ವೆಟರನ್ನು ಹುಡುಕುತ್ತಿದ್ದಾನೆ, ಚಿಕ್ಕವನಿದ್ದಾಗ ಇಬ್ಬರ ನಡುವೆ ಇದೇ ಸಾಲಿನಲ್ಲಿ ನಿಂತವನಿಗೆ ಸೀಟು ಗೊತ್ತು, ಕಟ್ಟಳೆಯೂ ಗೊತ್ತು, ಸ್ವೆಟರಿನ ಪಕ್ಕದಲ್ಲಿ ನಿಂತವರ ನೀಲಿ ಗೋಡೆಯಲ್ಲಿ ಒಂದು ತಲೆ ಕಡಿಮೆ. ಏಳಯ್ಯಾ ಎಂದು ಡಾಯ್ಲ್ ಕಾಲರ್ ಹಿಡಿದು ಎಳೆದ. ನಡೀನ್‌ಳ ಕೈ ಹೆಗಲ ಮೇಲೆ ಬಂತು, ಏಪ್ರಿಲ್ ಆದಮೇಲೆ ಇದೇ ಮೊದಲು, ಕೆಳಕ್ಕೆ ಒತ್ತಿತು, ಏಳ್ಬೇಡ ವರ್ಲಿನ್, ನೋಡ್ತಿದ್ದಾನೆ, ಏಳ್ಬೇಡ. ಹಾವುಗಳು, ಬೂ, ಡೋಲು, ಸಂದಿಯಲ್ಲಿ ಅವನ ಅಂಗೈ ಬೂಟಿನ ಅಡಿಗೆ ಹೋಗಿ ಅಲ್ಲೇ ನಿಂತಿದೆ, ಒರೆಸುತ್ತಿಲ್ಲ, ನಿಂತಿದೆ, ಮತ್ತು ವರ್ಲಿನ್‌ನ ಕೈಯೂ ಯಾವಾಗಲೋ ಕೆಳಗೆ ಹೋಗಿದೆ, ತನ್ನ ಬೂಟಿನ ಅಡಿಗೆ, ಒಮ್ಮೆ ಸವರಿ ಮೇಲೆ ಬಂದಿದೆ, ಅಂಗೈ ತುಂಬ, ಹಿಂದೆ ಮಗನ ಬೂಟಿನಿಂದ ಒರೆಸಿಸುತ್ತಿದ್ದ ಅದೇ ಬಿಳಿ ಪುಡಿ, ಅಂಗೈ, ಬಿಳಿ ಪುಡಿ, ಅಂಗೈ —