ಹಳದಿಯಾದ ನೀರು

ಗಂಡನ ಮಣ್ಣಿಗೆ ಬಂದವರೆಲ್ಲ ಊರಿಗೆ ಹೋದ ಮೇಲಿನ ಬೆಳಿಗ್ಗೆ ಅತ್ತೆ ಚಹಾ ಸೋಸಿ ಕೊಟ್ಟರು. ಕುಡಿದು ಕೆಲಸಕ್ಕೆ ಹೊರಟೆ.

ನನ್ನ ಗಂಡ ಕೊಟ್ರೇಶ ಮುನಿರಾಬಾದ್ ಹತ್ತಿರ ಲಾರಿ ಬಡಿದು ತೀರಿಕೊಳ್ಳುವವರೆಗೆ ಅವನೂ ನಾನೂ ಕೊಪ್ಪಳದ ಒಂದು ಸಣ್ಣ ಪ್ರಯೋಗಾಲಯದಲ್ಲಿದ್ದೆವು. ಮರೆವಿನ ಕಾಯಿಲೆಯವರ ಚರ್ಮದ ಕೋಶಗಳಿಂದ ಕಾಳಿನಷ್ಟು ಮೆದುಳಿನ ಅಂಗಾಂಶ ಬೆಳೆಸಿ, ಹೊಸ ಔಷಧವನ್ನು ಮೊದಲು ಅದರ ಮೇಲೆ ನೋಡುವ ಕೆಲಸ. ಅದು ಬದುಕುವುದು ಪೋಷಕಾಂಶ ಬೆರೆಸಿದ ಕೆಂಪು ನೀರಿನಲ್ಲಿ. ದಿನ ಬಿಟ್ಟು ದಿನ ನೀರು ಬದಲಿಸಬೇಕು. ಬದಲಿಸುವವರು ನಾವಿಬ್ಬರೇ.

ಅಂದು ಹೋಗಿ ನೋಡಿದರೆ ನೀರು ಹಳದಿಯಾಗಿತ್ತು. ಅಂಗಾಂಶ ಸತ್ತಿತ್ತು.

ಮರೆತಿರಲಿಲ್ಲ. ಮಾತಾಡಿಸಲು ಬಂದವರು ಮನೆ ತುಂಬ ಕೂತಿದ್ದಾಗಲೇ ನೆನಪಾಗಿತ್ತು. ಗಂಡ ಸತ್ತವಳು ಕೆಲಸಕ್ಕೆ ಹೋಗಿ ಬರುತ್ತೇನೆಂದರೆ ಏನಂದಾರೋ ಎಂದು ಸುಮ್ಮನಿದ್ದೆ.

ಸತ್ತ ಅಂಗಾಂಶ ಗಂಗಾವತಿಯಲ್ಲಿ ಕುಲ್ಫಿ ಮಾರುತ್ತಿದ್ದ ಮೆಹಬೂಬಸಾಬರದು. ಈಗ ಅವರಿಗೆ ಮನೆಯ ದಾರಿಯೂ ತಿಳಿಯದು. ಔಷಧ ಅಂಗಾಂಶಕ್ಕೆ ಒಗ್ಗಿದರೆ ಮುಂದೆ ರೋಗಿಗಳ ಮೇಲೆ ನಡೆಸುವ ಪರೀಕ್ಷೆಗೆ ಅವರನ್ನು ಸೇರಿಸಿಕೊಳ್ಳಿ ಎಂದು ಕೊಟ್ರೇಶ ಆಸ್ಪತ್ರೆಯವರನ್ನು ಕೇಳಿದ್ದ. ಮೆಹಬೂಬಸಾಬರ ಹೆಂಡತಿ ಇಮಾಮಬೀ ಅದನ್ನೇ ಕಾಯುತ್ತಿದ್ದರು.

ಚರ್ಮದ ಚೂರನ್ನು ಮಂಜುಗಡ್ಡೆಯಲ್ಲಿಟ್ಟು ತರಲು ಕೊಟ್ರೇಶ ಅವರ ಕುಲ್ಫಿ ಪೆಟ್ಟಿಗೆಯನ್ನೇ ಕೇಳಿ ತಂದಿದ್ದ. ಅದನ್ನು ಹಿಂದಿರುಗಿಸಲು ಹಿಡಿದು ಗಂಗಾವತಿಯ ಬಸ್ ಹತ್ತಿದೆ.

ಇಮಾಮಬೀ ಬಾಗಿಲಲ್ಲೇ ಕೈ ಹಿಡಿದುಕೊಂಡರು. "ನಮ್ಮ ಮಂದಿಯೊಳಗ ಆಗಿದ್ರ ಗಂಡ ತೀರಿದ ಮ್ಯಾಲ ನೀವು ನಾಕು ತಿಂಗಳು ಹೊರಗ ಬರ್ತಿದ್ದಿಲ್ಲ ನೋಡ್ರಿ. ಕೂಡ್ರಿ ಬೇಟಿ."

ಪಕ್ಕದಲ್ಲಿ ಮೆಹಬೂಬಸಾಬರು ಕೂತಿದ್ದರು. ಇಮಾಮಬೀ ಅವರ ಅಂಗಿಯ ಗುಂಡಿ ಹಾಕತೊಡಗಿದರು.

"ಈ ತಲಿಗೆ ನಾ ಉಣಸ್ತೀನಿ, ಅಲ್ಲಿರೋ ತಲಿಗೆ ನೀವು ಉಣಸ್ತೀರಿ. ಅದಾರ ಸಾರಿಗೆ ಉಪ್ಪಿಲ್ಲಂತ ಜಗಳಾ ತಗಿಯಂಗಿಲ್ಲ," ಎಂದು ನಕ್ಕರು. "ಹೆಂಗೈತ್ರಿ ಅದು?"

"ಸತ್ತೈತ್ರಿ. ನೀರು ಬದಲಿ ಮಾಡಾಕ ನಾ ಹೋಗ್ಲಿಲ್ಲ. ಮಂದಿ ಏನಂತಾರ ಅಂತ ಮನ್ಯಾಗ ಕುಂತೆ."

ಅವರು ಗುಂಡಿಯನ್ನು ತಪ್ಪು ಕಾಜಿಗೆ ಹಾಕಿದರು. ಮತ್ತೆ ಬಿಚ್ಚಿದರು.

"ಹಂಗಾರ ಇನ್ನೊಂಚೂರು ತೊಗಲು ತಗೊಳ್ರಿ. ಪೆಟಗಿ ನಿಮ್ಮ ಹತ್ರನ ಇರ್ಲಿ."

ಅವರು ಬೈದಿದ್ದರೆ ಚೆನ್ನಾಗಿತ್ತು.

"ತೊಗಲು ಬ್ಯಾಡ್ರಿ. ಅವರವು ಕೋಶ ತಂಪಿನಾಗ ಇಟ್ಟೇವಿ, ಮತ್ತ ಬೆಳಸಬಹುದು. ಆರೇಳು ತಿಂಗಳು ಬೇಕು."

"ಆರೇಳು ತಿಂಗಳು." ಗಂಡನ ಕೊರಳಪಟ್ಟಿ ಸರಿಮಾಡಿದರು. "ಅಲ್ಲೀತನಾ ನನ್ನ ಗುರ್ತಾ ಹಿಡೀತಾರೇನ್ರಿ?"

ಹಿಡಿಯಲಾರರು ಎಂದು ನನಗೆ ಗೊತ್ತಿತ್ತು. ಪೆಟ್ಟಿಗೆಯನ್ನು ಇಮಾಮಬೀ ಅವರ ಕಾಲ ಹತ್ತಿರ ಇಟ್ಟೆ.